ಅಜ್ಜನ ಹಂಚಿನ ಮನೆಗಳು

ಆಸ್ವಾಲ್ಡ್ ಪಾಯ್ಸರು ದುಬೈಯಲ್ಲಿ ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಅವರು ಬಾಯಿಬಿಟ್ಟು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡು ಹೇಳಿದರು. ಬಾಯಿಬಿಟ್ಟು ಹೇಳಿದ ಸುಳ್ಳನ್ನು ಹೇಗೋ ವಾಪಸು ಪಡೆಯಬಹುದು. ಬಾಯಿ ಮುಚ್ಚಿಕೊಂಡು ಹೇಳಿದ್ದನ್ನು ವಾಪಸು ಪಡೆಯುವುದು ಎಂಥ ಸಾಹಸವೆಂಬುದು ಮೊಂಬಾಸಾಕ್ಕೆ ಹೋಗಿಬರುವ ತನಕ ಅವರಿಗೆ ಗೊತ್ತಿರಲಿಲ್ಲ.

ಪಾಯ್ಸರು ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಬಚ್ಚಲುಮನೆಗೆ ಬೇಕಾದ ನಲ್ಲಿ, ಬೇಸಿನ್, ಫ್ಲಶ್ ಟ್ಯಾಂಕುಗಳ ಗೋದಾಮು ಅದು. ಯಾವ ನಲ್ಲಿ ಯಾವ ಕಪಾಟಿನ ಎಷ್ಟನೇ ಅಂತಸ್ತಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ಆದರೆ ಗೋದಾಮಿನ ಹೊರಗೆ ಅವರ ಮಾತನ್ನು ಯಾರಾದರೂ ಕೊನೆಯವರೆಗೆ ಕೇಳಿದ ದಾಖಲೆಯಿಲ್ಲ. ವಾಕ್ಯವನ್ನು ಅವರು ಶುರುಮಾಡುತ್ತಿದ್ದರು, ಬೇರೆಯವರು ಮುಗಿಸುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯ ಅಕ್ಟೋಬರಿನ ಒಂದು ಗುರುವಾರ ಸಂಜೆ. ಅಲ್ ಕುಸೈಸ್‌ನ ಅವರ ಫ್ಲಾಟಿನ ಎದುರು ಬಾಗಿಲಲ್ಲಿ ಶಾಮಸುಂದರ ಎಂಬವರ ಸಂಸಾರ. ಶಾಮಸುಂದರರು ಮೈಸೂರಿನವರು, ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಮ್ಯಾನೇಜರು, ಮೇಲಾಗಿ ಕನ್ನಡ ಸಂಘದ ಕಾರ್ಯದರ್ಶಿ. ಆಗಷ್ಟೇ ಈಜಿಪ್ಟಿಗೆ ಹೋಗಿಬಂದಿದ್ದರು. ಇಡೀ ಕಟ್ಟಡವನ್ನು ಸರದಿಯ ಮೇಲೆ ಕರೆದು ಆಲ್ಬಮ್ ತೋರಿಸುತ್ತಿದ್ದರು. ಅಂದು ಪಾಯ್ಸರ ಸರದಿ. ಎಲ್ಲ ಫೋಟೋಗಳಲ್ಲೂ ಮುಂದೆ ಶಾಮಸುಂದರ, ಹಿಂದೆ ಉಳಿದ ಜಾಗದಲ್ಲಿ ಪಿರಮಿಡ್ಡು.

"ನೀವು ಎಲ್ಲಾದ್ರೂ ಹೋಗಿದ್ದೀರೇನ್ರೀ ಪಾಯ್ಸ್, ಇತಿಹಾಸ ಇರೋ ಜಾಗಕ್ಕೆ?"

"ನಾನು ಹೋಗ್ಲಿಲ್ಲ ಮಾರಾಯ್ರೆ. ಆದ್ರೆ ಮೊಂಬಾಸಾದಲ್ಲಿ ನಮ್ಮ ಅಜ್ಜನ ಹಂಚಿನ ಮನೆಗಳು ಸಾಲಾಗಿ ಉಂಟಂತೆ."

ಇಲ್ಲಿ ಕನ್ನಡ ವ್ಯಾಕರಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾಯ್ಸರ ಅಜ್ಜ ಸಾಲ್ವಾದೋರ್ ಪಾಯ್ಸ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮಣ್ಣು ತುಳಿದವರು, ಅಚ್ಚು ಒತ್ತಿದವರು. ಆ ಕಾರ್ಖಾನೆಯ ನವಿಲು ಛಾಪಿನ ಹಂಚು ಹಡಗು ಹತ್ತಿ ಆಫ್ರಿಕಾದ ಕರಾವಳಿಗೆ ಹೋಗುತ್ತಿತ್ತು. ಅಂದರೆ ಪಾಯ್ಸರು ಹೇಳಿದ್ದು ಅಜ್ಜ ಮಾಡಿದ ಹಂಚು ಹೊದ್ದ ಮನೆಗಳು ಎಂದು. ಆದರೆ ಆ 'ಅಜ್ಜನ' ಎಂಬ ಷಷ್ಠಿ ವಿಭಕ್ತಿ ಹಂಚಿಗೆ ಅಂಟಿಕೊಳ್ಳುವ ಬದಲು ಹಂಚನ್ನು ದಾಟಿ ಹೋಗಿ ಮನೆಗೆ ಅಂಟಿಕೊಂಡಿತು. ದೊಡ್ಡ ದೊಡ್ಡ ಆಸ್ತಿಗಳು ಹೀಗೆಯೇ ಕೈ ಬದಲಾಯಿಸಿದ ಉದಾಹರಣೆಗಳಿವೆ.

ಶಾಮಸುಂದರರ ಕೈಯಲ್ಲಿದ್ದ ಆಲ್ಬಮ್ ತಾನಾಗಿ ಮುಚ್ಚಿತು. "ಮೊಂಬಾಸಾದಲ್ಲಿ ಮನೆಗಳೇ? ಎಷ್ಟಿವೆ?"

"ಎಷ್ಟು ಅಂತ ಲೆಕ್ಕ ಇಲ್ಲ" ಎಂದರು ಪಾಯ್ಸರು, ಪ್ರಾಮಾಣಿಕವಾಗಿ.

ಬೋಂಡದ ತಟ್ಟೆ ಹಿಡಿದು ಬರುತ್ತಿದ್ದ ಶಾಮಸುಂದರರ ಹೆಂಡತಿ ಚಾಮುಂಡೇಶ್ವರಿ ನಿಂತಲ್ಲೇ ನಿಂತರು. ಆಮೇಲೆ ತಟ್ಟೆಯನ್ನು ಗಂಡನ ಮುಂದಿನಿಂದ ದಾಟಿಸಿ ನೇರ ಪಾಯ್ಸರ ಮುಂದೆ ಇಟ್ಟರು. "ತಗೊಳ್ಳಿ, ಬಿಸಿಯಾಗಿದೆ. ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲ ನೀವು. ದೊಡ್ಡ ಮನೆತನದೋರು ಹಾಗೇ ಇರ್ತಾರೆ ಬಿಡಿ."

ಈಗ ತಿದ್ದಬಹುದಿತ್ತು. ಪಾಯ್ಸರು ಬಾಯಿ ತೆರೆದರು. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಒಂದು ಕೋಣೆಯಲ್ಲಿದ್ದ ಎಲ್ಲರೂ ಅವರ ಮುಂದಿನ ಮಾತಿಗೆ ಕಾಯುತ್ತಿದ್ದರು. ಆ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಅವರು ತೆರೆದ ಬಾಯಿಗೆ ಬೋಂಡ ಹಾಕಿಕೊಂಡರು.

ಮರುದಿನ ಶುಕ್ರವಾರ. ಇಗರ್ಜಿಯಲ್ಲಿ ಗಾಯನ ಮಂಡಳಿಯನ್ನು ನಡೆಸುತ್ತಿದ್ದವಳು ಮಾರ್ಗರೆಟ್. ಪಾಯ್ಸರ ಹೆಂಡತಿ ಎವ್ಲಿನ್‌ಳನ್ನು ಆರು ವರ್ಷದಿಂದ ಕೊನೆಯ ಸಾಲಿನಲ್ಲಿ, ಫ್ಯಾನಿನ ಸದ್ದಿನ ಕೆಳಗೆ ನಿಲ್ಲಿಸಿದವಳು ಅಂದು ಕೈಹಿಡಿದು ಮೊದಲ ಸಾಲಿಗೆ ತಂದಳು. ಪೂಜೆ ಮುಗಿದ ಮೇಲೆ ಕಿವಿಯಲ್ಲಿ, "ಮೊಂಬಾಸಾದ ಏಳು ಮನೆಯಲ್ಲಿ ಸಮುದ್ರಕ್ಕೆ ಮುಖ ಮಾಡಿದ್ದು ಎಷ್ಟು?" ಎಂದು ಕೇಳಿದಳು.

ಎವ್ಲಿನ್ ಮನೆಗೆ ಬಂದವಳೇ ಗಂಡನ ಎದುರು ಕುಳಿತಳು. "ಎಂತ ಇದು? ನಿಮ್ಮಜ್ಜನಿಗೆ ಮೊಂಬಾಸಾದಲ್ಲಿ ಏಳು ಮನೆ ಅಂತೆ. ನನ್ನ ಮದುವೆಯಲ್ಲಿ ಯಾರೂ ಹೇಳ್ಲಿಲ್ಲ."

ಪಾಯ್ಸರು ಬೋಂಡದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು. "ಈಗಲೇ ಹೋಗಿ ಶಾಮಸುಂದರರಿಗೆ ಹೇಳಿ ಬರ್ತೇನೆ" ಎಂದು ಚಪ್ಪಲಿ ಹಾಕಿಕೊಂಡರು.

ಎವ್ಲಿನ್ ಸ್ವಲ್ಪ ಹೊತ್ತು ಯೋಚಿಸಿದಳು. ಅವಳು ಸುಳ್ಳನ್ನು ಸಹಿಸುವವಳಲ್ಲ. ಆದರೆ ಮುಂದಿನ ವಾರದ ಪೂಜೆಯಲ್ಲಿ ಒಂಟಿ ಹಾಡು ಅವಳಿಗೆ ಕೊಟ್ಟಿದ್ದರು. "ಇವತ್ತು ಬೇಡ. ಮುಂದಿನ ಶುಕ್ರವಾರ ಕಳೀಲಿ" ಎಂದಳು.

ಪಾಯ್ಸರು ಚಪ್ಪಲಿ ಬಿಚ್ಚಿದರು.

ಸಂಜೆಗೆ ಮಂಗಳೂರಿನಿಂದ ಅಕ್ಕ ಜೋಸ್ಫಿನ್‌ಳ ಫೋನು. ಸುದ್ದಿ ಮಾರ್ಗರೆಟ್‌ಳ ನಾದಿನಿಯ ಮೂಲಕ ಜೆಪ್ಪುವಿಗೆ ತಲುಪಿತ್ತು. ಅರಬ್ಬಿ ಸಮುದ್ರ ದಾಟುವಷ್ಟರಲ್ಲಿ ಏಳು ಮನೆ ಹನ್ನೆರಡಾಗಿತ್ತು.

"ಓಸ್ಸಿ, ಅಜ್ಜನ ಮನೆ ಅಂದ್ರೆ ನನಗೂ ಅಜ್ಜ ತಾನೆ? ನೀನೊಬ್ಬನೇ ಬಾಡಿಗೆ ತಿನ್ನುವ ಅಂತ ಎಣಿಸಿದ್ದಾ?"

"ಅಕ್ಕಾ, ಅದು ಮನೆ ಅಲ್ಲ. ಹಂಚು..."

"ಹೌದು, ಹಂಚುವ. ಅದನ್ನೇ ನಾನೂ ಹೇಳುವುದು. ಸರಿಯಾಗಿ ಹಂಚುವ. ಜಗಳ ಯಾಕೆ?" ಎಂದು ಅಕ್ಕ ಸಮಾಧಾನದಿಂದ ಫೋನ್ ಇಟ್ಟಳು.

ಪಾಯ್ಸರು ರಿಸೀವರನ್ನೇ ನೋಡುತ್ತ ಕೂತರು. ಕನ್ನಡ ಭಾಷೆ ಅವರ ಮೇಲೆ ಎರಡನೇ ಸಲ ಕೈ ಮಾಡಿತ್ತು.

ಶನಿವಾರ ಮಾಲೀಕರಾದ ಜಮಾಲ್ ಸಾಹೇಬರಿಂದ ಕರೆ ಬಂತು. ಸಾಹೇಬರು ಭಟ್ಕಳದ ನವಾಯತ ಮನೆತನದವರು, ವ್ಯಾಪಾರ ಅವರಿಗೆ ಉಸಿರಾಟದ ಹಾಗೆ. ಮೊಂಬಾಸಾದ ಯಹ್ಯಾ ಎಂಬ ವ್ಯಾಪಾರಿಗೆ ಕಳಿಸಿದ ಇನ್ನೂರು ಫ್ಲಶ್ ಟ್ಯಾಂಕುಗಳಿಗೆ ಮುಚ್ಚಳವೇ ಬಂದಿಲ್ಲವೆಂದು ಅವನು ಫ್ಯಾಕ್ಸಿನ ಮೇಲೆ ಫ್ಯಾಕ್ಸು ಕಳಿಸುತ್ತಿದ್ದ.

"ನೋಡು ಪಾಯ್ಸ್, ನೀನೇ ಹೋಗಿ ನೋಡಿ ಬಾ. ನಾಲ್ಕು ದಿವಸ. ಟಿಕೆಟ್ ಆಗಿದೆ. ಹೋಟೆಲ್ ಮಾಡಿಸ್ಲಿಲ್ಲ" ಎಂದು ಸಾಹೇಬರು ಮುಗುಳ್ನಕ್ಕರು. "ನಿನ್ನದೇ ಹನ್ನೆರಡು ಮನೆ ಇರುವಾಗ ಹೋಟೆಲಿಗೆ ಹಾಕಿದ್ರೆ ನಿನಗೆ ಅವಮಾನ."

"ಸಾಹೇಬ್ರೆ, ಅದರಲ್ಲಿ ಒಂದು ಸಣ್ಣ..."

"ಖಲಾಸ್. ಯಲ್ಲಾ, ಹೊರಡು."

ಹೊರಡುವ ದಿನ ಶಾಮಸುಂದರರು ತಮ್ಮ ಕ್ಯಾಮೆರಾವನ್ನು ಪಾಯ್ಸರ ಕೊರಳಿಗೆ ತಾವೇ ಹಾಕಿದರು. ನವೆಂಬರ್ ಮೊದಲ ವಾರ ರಾಜ್ಯೋತ್ಸವ, ಅದರಲ್ಲಿ 'ಕಡಲಾಚೆಯ ಕನ್ನಡಿಗರ ಹಿರಿಮೆ' ಎಂದು ಪಾಯ್ಸರ ಹತ್ತು ನಿಮಿಷದ ಭಾಷಣ ಗೊತ್ತಾಗಿತ್ತು. "ಹಾಗೇ ಡಿಸೆಂಬರ್‌ಗೆ ಒಂದು ಮನೆ ಖಾಲಿ ಇಡಿಸಿ ಪಾಯ್ಸ್. ನಾವು ಮೂರೇ ಜನ. ಚಿಕ್ಕದಾದ್ರೂ ನಡೆಯತ್ತೆ." ಮಗಳು ಗಾನವಿ, "ವಿತ್ ಸೀ ವ್ಯೂ, ಅಂಕಲ್" ಎಂದು ಸೇರಿಸಿದಳು.

ಮೊಂಬಾಸಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಯ್ಸರ ಅರ್ಜಿಯಲ್ಲಿ ಖಾಲಿ ಉಳಿದಿದ್ದ ಒಂದು ಗೆರೆಯ ಮೇಲೆ ಪೆನ್ನು ಇಟ್ಟ.

"ಎಲ್ಲಿ ಉಳಿಯುತ್ತೀರಿ? ಹೋಟೆಲಿನಲ್ಲೇ?"

"ಅಲ್ಲ."

"ಸ್ನೇಹಿತರ ಮನೆಯಲ್ಲೇ?"

"ಅಲ್ಲ."

"ಸಂಬಂಧಿಕರೇ?"

"ಅಜ್ಜ" ಎಂದರು ಪಾಯ್ಸರು, ಬೇರೆ ಏನೂ ತೋಚದೆ.

"ಅಜ್ಜನ ವಿಳಾಸ?"

"ತೀರಿಹೋಗಿ ಮೂವತ್ತೆರಡು ವರ್ಷ ಆಯ್ತು. ಮಂಗಳೂರಿನಲ್ಲಿ."

ಅಧಿಕಾರಿ ಅವರನ್ನು ಬಹಳ ಹೊತ್ತು ನೋಡಿದ. ಅವನಿಗೂ ಒಬ್ಬ ಅಜ್ಜ ಇದ್ದಿರಬೇಕು. ಮುದ್ರೆ ಒತ್ತಿ ಪಾಸ್‌ಪೋರ್ಟ್ ಕೊಟ್ಟ.

ಯಹ್ಯಾನ ಗೋದಾಮಿನಲ್ಲಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಪಾಯ್ಸರು ಪೆಟ್ಟಿಗೆಗಳ ಸಾಲಿನಲ್ಲಿ ನಡೆದುಹೋಗಿ, ಬೇಸಿನ್ನಿನ ಒಂದು ಪೆಟ್ಟಿಗೆಯನ್ನು ಬಡಿದು ಸದ್ದು ಕೇಳಿ, "ಇದರೊಳಗೆ ನೋಡಿ" ಎಂದರು. ಬೇಸಿನ್ನುಗಳ ಮಡಿಲಲ್ಲಿ ಮುಚ್ಚಳಗಳು ಬೆಚ್ಚಗೆ ಮಲಗಿದ್ದವು. ಯಹ್ಯಾನಿಗೆ ಪರಮ ಸಂತೋಷವಾಯಿತು. ಅತಿಥಿಗೆ ಹೋಟೆಲಿಲ್ಲವೆಂದು ತಿಳಿದು, ಹಳೇ ಪಟ್ಟಣದಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಿದ್ದ ತನ್ನ ದೊಡ್ಡಮ್ಮನ ಮನೆಗೆ ಅವರನ್ನು ಕಳಿಸಿದ. ದೊಡ್ಡಮ್ಮನ ಹೆಸರು ಕುದ್ಸಿಯಾ. ಅಲ್ಲಿ ಹಿರಿಯ ಹೆಂಗಸರನ್ನು 'ಬಿ' ಎಂದು ಗೌರವಿಸುತ್ತಾರಾದ್ದರಿಂದ ಇಡೀ ಓಣಿಗೆ ಅವರು ಬಿ ಕುದ್ಸಿಯಾ. ಎಪ್ಪತ್ತು ದಾಟಿದ ಮುದುಕಿ. ಹಿಂದಿ ಮಾತನಾಡುತ್ತಿದ್ದರು, ಆದರೆ ಅದನ್ನು ಸಿನಿಮಾದ ಕೋರ್ಟು ದೃಶ್ಯಗಳಿಂದ ಕಲಿತದ್ದರಿಂದ, ಚಹಾ ಬೇಕೇ ಎಂದು ಕೇಳಿದರೂ ತೀರ್ಪು ಓದಿದ ಹಾಗೆ ಇರುತ್ತಿತ್ತು.

ಮರುದಿನ ಬೆಳಿಗ್ಗೆ ಪಾಯ್ಸರು ಭಾಷಣಕ್ಕೆ ಬೇಕಲ್ಲ ಎಂದು ಕೋಟೆ ನೋಡಲು ಹೋದರು. ಸಮುದ್ರದ ಬಾಯಲ್ಲೇ ಹವಳದ ಕಲ್ಲಿನಿಂದ ಎಬ್ಬಿಸಿದ, ನಾನೂರು ವರ್ಷದ ಪೋರ್ಚುಗೀಸ್ ಕೋಟೆ. ಬಾಗಿಲಲ್ಲಿ ಪುಸ್ತಕದಲ್ಲಿ ಹೆಸರು ಬರೆದದ್ದನ್ನು ಗೈಡು ಓದಿದ. ಅವನ ಬೆನ್ನು ನೆಟ್ಟಗಾಯಿತು.

"ಪಾಯ್ಸ್. ಪೋರ್ಚುಗೀಸ್ ಹೆಸರು. ಹಾಗಾದರೆ ಈ ಕೋಟೆ ನಿಮ್ಮ ಹಿರಿಯರೇ ಕಟ್ಟಿದ್ದು."

ಪಾಯ್ಸರು ಗಾಬರಿಯಾದರು. ಒಂದು ಸಾಲು ಮನೆಯನ್ನೇ ಹೊರಲಾರದೆ ಬಗ್ಗಿದ ಬೆನ್ನಿಗೆ ಕೋಟೆಯನ್ನೂ ಏರಿಸುವುದು ಅವರಿಗೆ ಬೇಕಿರಲಿಲ್ಲ. "ಇಲ್ಲ ಮಾರಾಯ, ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೂಲಿ. ಕೋಟೆಗೂ ನಮಗೂ ಸಂಬಂಧ ಇಲ್ಲ" ಎಂದುಬಿಟ್ಟರು. ಎರಡು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮನುಷ್ಯನ ಮುಂದೆ ಬೆಣ್ಣೆಯ ಹಾಗೆ ಜಾರಿ ಹೊರಬಂತು.

ಗೈಡಿಗೆ ನಿರಾಶೆಯಾದರೂ ಕರ್ತವ್ಯ ಬಿಡಲಿಲ್ಲ. ಫಿರಂಗಿ ತೋರಿಸಿದ. ನಾವಿಕರು ಬೇಸರಕ್ಕೆ ಗೋಡೆಯ ಮೇಲೆ ಗೀಚಿಟ್ಟುಹೋದ ಹಡಗಿನ ಚಿತ್ರ ತೋರಿಸಿದ. ಮೂರು ವರ್ಷದಷ್ಟು ನಡೆದ ಮುತ್ತಿಗೆಯ ಕಥೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ಪಾಯ್ಸರು ಕೋಟೆಯ ಅಂಚಿನಿಂದ ಹಳೇ ಪಟ್ಟಣದ ಮನೆಗಳ ಮಾಡುಗಳನ್ನು ನೋಡುತ್ತಿದ್ದರು. ತಗಡು, ತಗಡು, ತಗಡು, ಅದರ ನಡುವೆ ಅಲ್ಲೊಂದು ಇಲ್ಲೊಂದು ಕಂದುಗೆಂಪು.

"ನೀವು ಇತಿಹಾಸ ನೋಡಲು ಬಂದದ್ದೋ, ಮಾಡು ನೋಡಲು ಬಂದದ್ದೋ?" ಎಂದ ಗೈಡು.

"ಆ ಕೆಂಪು ಮಾಡು ಇರುವುದು ಯಾವ ಓಣಿಯಲ್ಲಿ?" ಎಂದು ಕೇಳಿದರು ಪಾಯ್ಸರು.

ಅವರು ಓಣಿ ಓಣಿ ಸುತ್ತಿದರು. ಒಂದಕ್ಕೊಂದು ಭುಜ ತಗುಲಿಸಿಕೊಂಡು ನಿಂತ ಮನೆಗಳು, ಬಳ್ಳಿ ಕೆತ್ತಿದ ಆಳೆತ್ತರದ ಬಾಗಿಲುಗಳು, ಬೀದಿಯ ಮೇಲೆ ಚಾಚಿದ ಮರದ ಬಾಲ್ಕನಿಗಳು, ಮೇಲೆ ಹೋಗುತ್ತ ಸಪೂರವಾಗುವ ಬಿಳಿ ಮಿನಾರಿನ ಹಳೇ ಮಸೀದಿ, ಕೊನೆಗೆ ಮರದ ಹಡಗುಗಳು ಒರಗಿ ನಿಂತ ಹಳೇ ಬಂದರು. ಪ್ರವಾಸಿಗಳೆಲ್ಲ ಬಾಗಿಲು ನೋಡುತ್ತಿದ್ದರೆ ಪಾಯ್ಸರು ಒಬ್ಬರೇ ಕತ್ತೆತ್ತಿ ನಡೆಯುತ್ತಿದ್ದರು. ಒಂದು ಕೈಗಾಡಿಗೂ ಎರಡು ಕಂಬಕ್ಕೂ ಡಿಕ್ಕಿ ಹೊಡೆದರು. ಸುತ್ತಿ ಸುತ್ತಿ ಕೊನೆಗೆ ಬಂದು ಮುಟ್ಟಿದ್ದು ಬಿ ಕುದ್ಸಿಯಾರ ಓಣಿಗೇ. ರಾತ್ರಿ ತಾವು ಮಲಗಿದ್ದ ಮನೆಯ ಮಾಡೇ ಆ ಕಂದುಗೆಂಪು.

ಅಂಗಳದ ಮೂಲೆಯಲ್ಲಿ ಮಾಡಿನಿಂದ ಜಾರಿದ ಕೆಲವು ಹಂಚುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಪಾಯ್ಸರು ಒಂದನ್ನು ಮಗುಚಿದರು. ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಮೊದಲು ನವಿಲಿನ ಗರಿ ಬಂತು, ಆಮೇಲೆ ಕೊರಳು, ಆಮೇಲೆ ಇಂಗ್ಲಿಷಿನಲ್ಲಿ ಮಂಗಳೂರು, ಅದರ ಕೆಳಗೆ 1926. ಆ ವರ್ಷ ಸಾಲ್ವಾದೋರ್ ಪಾಯ್ಸರಿಗೆ ಇಪ್ಪತ್ತೈದು. ಅಚ್ಚಿನ ಯಂತ್ರಕ್ಕೆ ಬಂದು ಮೂರು ವರ್ಷ.

"ಅದನ್ನು ಯಾಕೆ ಮಗುವಿನ ಹಾಗೆ ಎತ್ತಿಕೊಂಡಿದ್ದೀಯ? ಸತ್ಯ ಹೇಳು" ಎಂದರು ಬಿ ಕುದ್ಸಿಯಾ, ಬಾಗಿಲಲ್ಲಿ ನಿಂತು.

"ಇದನ್ನು ಒತ್ತಿದ್ದು ನಮ್ಮಜ್ಜ, ಬಿ."

ಮುದುಕಿ ಹತ್ತಿರ ಬಂದು ನವಿಲನ್ನು ನೋಡಿದರು, ಪಾಯ್ಸರನ್ನು ನೋಡಿದರು. "ನಾನು ಹುಟ್ಟಿದ್ದು ಈ ಮಾಡಿನ ಕೆಳಗೆ. ಮದುವೆಯಾದದ್ದು, ಹೆತ್ತದ್ದು ಇದರ ಕೆಳಗೆ. ಪಕ್ಕದ ತಗಡಿನ ಮನೆಯವರು ಬೇಸಿಗೆಯಲ್ಲಿ ಬೇಯುತ್ತಾರೆ, ನನ್ನ ಮನೆಗೆ ಬಂದು ಮಲಗುತ್ತಾರೆ. ಮಾಡಿದವನು ಯಾರೋ, ಅವನ ಕೈ ತಣ್ಣಗಿರಲಿ ಎಂದು ನನ್ನ ತಾಯಿ ಪ್ರತಿ ಮಳೆಗೂ ಹೇಳುತ್ತಿದ್ದಳು. ಅವನು ನಿನ್ನ ಅಜ್ಜನೋ?"

ಪಾಯ್ಸರು ಹೌದೆಂದು ತಲೆ ಆಡಿಸಿದರು. ಈ ಸಲ ಬಾಯಿ ಮುಚ್ಚಿಕೊಂಡು ಅವರು ಹೇಳಿದ್ದು ನಿಜ.

ಬಿ ಕುದ್ಸಿಯಾ ಬೀದಿಗೆ ಹೋಗಿ ಎರಡೂ ದಿಕ್ಕಿಗೆ ಸ್ವಾಹಿಲಿಯಲ್ಲಿ ಕೂಗಿ ಹೇಳಿದರು. ಹಂಚಿನವನ ಮೊಮ್ಮಗ ಬಂದಿದ್ದಾನೆ ಎಂದಷ್ಟೇ ಹೇಳಿದ್ದು. ಆದರೆ ಸುದ್ದಿ ಬೆಳೆಯುವ ರೀತಿಯಲ್ಲಿ ಅಲ್ ಕುಸೈಸ್‌ಗೂ ಮೊಂಬಾಸಾಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಓಣಿಯ ಆ ತುದಿಗೆ ಮುಟ್ಟುವಷ್ಟರಲ್ಲಿ ಅದು ಹಂಚಿನ ಕಂಪನಿಯಿಂದ ಇನ್‌ಸ್ಪೆಕ್ಟರು ಬಂದಿದ್ದಾರೆ ಎಂದಾಗಿತ್ತು. ಕಾಲು ಗಂಟೆಯಲ್ಲಿ ಅಂಗಳ ತುಂಬಿತು. ಎಲ್ಲರದೂ ದೂರು.

"ನಮ್ಮದು ಅರವತ್ತೆರಡರಲ್ಲಿ ಒಡೆಯಿತು. ಅಂದಿನಿಂದ ಕಾಯುತ್ತಿದ್ದೇವೆ" ಎಂದ ಒಬ್ಬ ನಿವೃತ್ತ ಬಂದರು ನೌಕರ, ತುಸು ಖಾರವಾಗಿ.

"ನಮ್ಮ ಮಾಡಿನಲ್ಲಿ ಮೂವತ್ತು ಹೋಗಿದೆ. ಅದೇ ಅಳತೆಯದು ಎಲ್ಲೂ ಸಿಗುವುದಿಲ್ಲ. ನೀವು ಕಾರ್ಖಾನೆ ಮುಚ್ಚಿದ್ದು ಯಾಕೆ?" ಎಂದಳು ಒಬ್ಬ ಗೃಹಿಣಿ.

ಕಂಪನಿಗೂ ತಮಗೂ ಸಂಬಂಧವಿಲ್ಲ ಎಂದು ಪಾಯ್ಸರು ಹೇಳಬಹುದಿತ್ತು. ಹೇಳಲಿಲ್ಲ. ಜೇಬಿನಿಂದ ಸ್ಟೋರಿನ ನೋಟ್‌ಬುಕ್ ತೆಗೆದು, ಕುರ್ಚಿ ಎಳೆದು ಕೂತು, ಒಬ್ಬೊಬ್ಬರ ಹೆಸರು, ಮನೆ, ಒಡೆದ ಹಂಚಿನ ಸಂಖ್ಯೆ ಬರೆದುಕೊಂಡರು. ಹನ್ನೊಂದು ಮನೆ, ಮುನ್ನೂರ ಹನ್ನೆರಡು ಹಂಚು. ಆಮೇಲೆ ಏಣಿ ತರಿಸಿ, ಶೂ ಬಿಚ್ಚಿ, ಪ್ಯಾಂಟು ಮಡಚಿ, ಐವತ್ತೊಂದು ವರ್ಷದ ಮಂಡಿಗಳನ್ನು ಕಷ್ಟಪಟ್ಟು ಒಪ್ಪಿಸಿ ಬಿ ಕುದ್ಸಿಯಾರ ಮಾಡು ಹತ್ತಿದರು. ಪಕ್ಕಾಸಿನ ತೊಲೆಯ ಮೇಲೆ ಮಾತ್ರ ಕಾಲಿಡಬೇಕು, ಮೇಲಿನ ಹಂಚನ್ನು ಸ್ವಲ್ಪ ಎತ್ತಿ ಕೆಳಗಿನದನ್ನು ಜಾರಿಸಬೇಕು, ಹಂಚಿನ ಕೊಕ್ಕೆ ರೀಪಿನ ಪಟ್ಟಿಗೆ ಕೂತಾಗ ಟಕ್ ಎನ್ನಬೇಕು. ಜೆಪ್ಪುವಿನ ಮನೆಯ ಮಾಡಿನಲ್ಲಿ ಅಜ್ಜ ಕಲಿಸಿದ್ದು ಕೈಗಳಿಗೆ ನೆನಪಿತ್ತು. ಜಾರಿದ್ದವೆಲ್ಲ ಸಂಜೆಯೊಳಗೆ ತಮ್ಮ ಜಾಗಕ್ಕೆ ಹೋದವು. ಕೆಳಗೆ ಏಣಿ ಹಿಡಿದುಕೊಂಡಿದ್ದ ಮುದುಕಿ, "ಬಿದ್ದರೆ ನಿನ್ನ ಅಜ್ಜನಿಗೆ ನಾನು ಏನು ಉತ್ತರ ಕೊಡಲಿ?" ಎಂದು ಇಡೀ ಹೊತ್ತು ವಿಚಾರಣೆ ನಡೆಸಿದರು.

ಹೊರಡುವಾಗ ಬಿ ಕುದ್ಸಿಯಾ ಅಂಚು ಮುಕ್ಕಾದ ಒಂದು ಹಂಚನ್ನು ತಮ್ಮ ಹೂವಿನ ಬಟ್ಟೆಯಲ್ಲಿ ಸುತ್ತಿ ಅವರ ಚೀಲದೊಳಗೆ ಇಟ್ಟರು.

ದುಬೈ ವಿಮಾನ ನಿಲ್ದಾಣದಲ್ಲಿ ಆ ಚೀಲ ಎಕ್ಸ್‌ರೇ ಯಂತ್ರದ ಒಳಗೆ ಹೋಗಿ ಹೊರಬರಲು ಒಪ್ಪಲಿಲ್ಲ. ಕಸ್ಟಮ್ಸ್‌ನ ಯುವ ಅಧಿಕಾರಿ ಬಟ್ಟೆ ಬಿಚ್ಚಿಸಿದ.

"ಇದೇನು ರಫೀಕ್? ಪುರಾತನ ವಸ್ತುವೇ?" ಎಂದ. ಅಲ್ಲಿ ಹೆಸರು ಗೊತ್ತಿಲ್ಲದ ಪರದೇಶಿಗಳೆಲ್ಲ ರಫೀಕ್, ಅಂದರೆ ಗೆಳೆಯ.

"ಹಂಚು, ಸಾರ್. ಮನೆ ಮಾಡಿಗೆ ಹಾಕುವುದು."

"ದುಬೈಯಲ್ಲಿ ಯಾವ ಮನೆಗೆ ಹಾಕುತ್ತೀಯ?"

"ಇಲ್ಲಿ ಅಲ್ಲ ಸಾರ್. ರಜೆಯಲ್ಲಿ ಮಂಗಳೂರಿಗೆ ಕೊಂಡುಹೋಗ್ತೇನೆ."

"ಮಂಗಳೂರಿನಲ್ಲಿ ಹಂಚು ಸಿಗುವುದಿಲ್ಲವೇ?"

"ಇದು ಮಂಗಳೂರಿನದೇ ಸಾರ್."

ಅಧಿಕಾರಿ ಹಂಚನ್ನು ಮಗುಚಿದ, ಓದಿದ, ಮತ್ತೆ ಮಗುಚಿದ. "ಮಂಗಳೂರಿನ ಹಂಚನ್ನು ಮೊಂಬಾಸಾದಿಂದ ದುಬೈ ಮೂಲಕ ಮಂಗಳೂರಿಗೆ ಸಾಗಿಸುತ್ತಿದ್ದೀಯ" ಎಂದು ನಿಧಾನವಾಗಿ ಹೇಳಿದ. ಹೇಳಿದಷ್ಟೂ ಅವನ ಅನುಮಾನ ಗಟ್ಟಿಯಾಯಿತು. ಫೋನ್ ಮಾಡಿದ. ಇನ್ನಿಬ್ಬರು ಬಂದರು. ಒಬ್ಬ ಹಂಚನ್ನು ಬೆರಳಿನಿಂದ ಬಡಿದು ಕಿವಿಯಿಟ್ಟ, ಒಳಗೆ ಟೊಳ್ಳಿದೆಯೇ ಎಂದು. ಕೊನೆಗೆ ಬಿಳಿಗಡ್ಡದ ಮೇಲಧಿಕಾರಿ ಬಂದರು. ಹಂಚು ನೋಡಿ ಅವರ ಹುಬ್ಬು ಇಳಿಯಿತು.

"ನನ್ನ ತಾಯಿಯ ತವರು ಜಂಜಿಬಾರ್. ಅಜ್ಜಿಯ ಮನೆಯ ಮಾಡಿನ ಮೇಲೆ ಇದೇ ಇತ್ತು" ಎಂದರು. ಆಮೇಲೆ ಕಿರಿಯರ ಕಡೆ ತಿರುಗಿ, "ಬಟ್ಟೆಯಲ್ಲಿ ಮೊದಲಿದ್ದ ಹಾಗೇ ಸುತ್ತಿ ಕೊಡಿ. ಖಲಾಸ್" ಎಂದರು.

ಹೊರಗೆ ಎವ್ಲಿನ್ ಕಾಯುತ್ತಿದ್ದಳು. ಅವಳ ಮುಖ ಸರಿಯಿರಲಿಲ್ಲ. "ಜೋಸ್ಫಿನ್ ಅಕ್ಕ ಮಾಡು ಬಿಚ್ಚಿಸಿ ಹಾಕಿದ್ದಾಳೆ."

"ಯಾವ ಮಾಡು?"

"ಜೆಪ್ಪುವಿನ ಮನೆಯದ್ದು. ಮೊಂಬಾಸಾದ ಪಾಲು ಬರ್ತದಲ್ಲ, ತಾರಸಿ ಹಾಕಿಸುವ ಅಂತ. ಸಾವಿರದ ನಾನೂರು ಹಂಚು ಅಂಗಳದಲ್ಲಿ ಉಂಟಂತೆ. ಮನೆಗೆ ಈಗ ಟಾರ್ಪಾಲು."

ಮಳೆಗಾಲ ಮುಗಿಯುತ್ತ ಬಂದಿತ್ತು ಎಂಬುದೊಂದೇ ದೇವರ ದಯೆ. ಪಾಯ್ಸರು ಮನೆಗೆ ಹೋದವರೇ ಶೂ ಕೂಡ ಬಿಚ್ಚದೆ ಫೋನ್ ಮಾಡಿ ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಈ ಸಲ ಮಧ್ಯೆ ಬಾಯಿ ಹಾಕಲು ಬಿಡಲಿಲ್ಲ. 

"ಹಾಗಾದ್ರೆ ಮೊಂಬಾಸಾದಲ್ಲಿ ನಮ್ಮದು ಒಂದು ಮನೆಯೂ ಇಲ್ಲ."

"ಇಲ್ಲ ಅಕ್ಕ."

"ಇಲ್ಲಿ ಇದ್ದದ್ದಕ್ಕೂ ಈಗ ಮಾಡು ಇಲ್ಲ. ನಾನು ಆಕಾಶ ಹೊದ್ದು ಮಲಗ್ಬೇಕಾ?" ಫೋನ್ ಇಟ್ಟ ಸದ್ದು ಕೇಳಿಸಿತು.

ರಾಜ್ಯೋತ್ಸವಕ್ಕೆ ಶಾಲೆಯೊಂದರ ಸಭಾಂಗಣ ತುಂಬಿತ್ತು. ಕಾರ್ಯಕ್ರಮದ ದಾನಿಗಳಾಗಿ ಜಮಾಲ್ ಸಾಹೇಬರು ಮೊದಲ ಸಾಲಿನಲ್ಲಿ, ಅವರ ಹಿಂದೆ ಎವ್ಲಿನ್, ಪಕ್ಕದಲ್ಲೇ ಮಾರ್ಗರೆಟ್. ಶಾಮಸುಂದರರು ಮೈಕಿನ ಮುಂದೆ, "ಹನ್ನೆರಡು ಸೌಧಗಳ ಒಡೆಯರು, ಆಫ್ರಿಕಾದ ನೆಲದಲ್ಲಿ ಕನ್ನಡದ ಗೃಹಪ್ರವೇಶ ಮಾಡಿಸಿದ ಮನೆತನದ ಕುಡಿ" ಎಂದು ಆರು ನಿಮಿಷ ಪರಿಚಯಿಸಿದರು. ಪಾಯ್ಸರಿಗೆ ಉಳಿದದ್ದು ಅವರದೇ ಹತ್ತು ನಿಮಿಷದಲ್ಲಿ ನಾಲ್ಕು.

ಅವರು ಹೂವಿನ ಬಟ್ಟೆ ಬಿಚ್ಚಿ ಹಂಚನ್ನು ಮೇಜಿನ ಮೇಲಿಟ್ಟರು.

"ಇದು ನಮ್ಮಜ್ಜನ ಹಂಚು. ಮನೆಗಳು ಅಜ್ಜನದ್ದಲ್ಲ. ನಾನು ಹೇಳಿದ್ದು ಹಾಗೆ, ನೀವು ಕೇಳಿದ್ದು ಹೀಗೆ. ನೀವು ಹೀಗೆ ಕೇಳಿದ್ದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಬೋಂಡ ತಿಂದೆ. ತಪ್ಪು ನನ್ನದು. ನಮ್ಮಜ್ಜ ಸಾಲ್ವಾದೋರ್ ಪಾಯ್ಸ್ ಕಾರ್ಖಾನೆಯಲ್ಲಿ ಕೂಲಿ. ಅವರು ಮಂಗಳೂರು ಬಿಟ್ಟು ಒಂದು ದಿನ ಎಲ್ಲಿಗೂ ಹೋದವರಲ್ಲ. ಆದರೆ ಅವರು ಒತ್ತಿದ ಹಂಚಿನ ಕೆಳಗೆ ಎಪ್ಪತ್ತು ವರ್ಷದಿಂದ ಜನ ಹುಟ್ತಾ ಇದ್ದಾರೆ, ಮದುವೆ ಆಗ್ತಾ ಇದ್ದಾರೆ. ನಾನು ನೋಡಿ ಬಂದೆ. ಅಲ್ಲೊಂದು ಕೋಟೆ ಉಂಟು, ನಾಲ್ಕು ನೂರು ವರ್ಷದ್ದು. ಅದನ್ನು ಟಿಕೆಟ್ ಕೊಟ್ಟು ನೋಡ್ಬೇಕು, ಒಳಗೆ ಈಗ ಯಾರೂ ವಾಸ ಇಲ್ಲ. ಅಜ್ಜನ ಹಂಚಿನ ಕೆಳಗೆ ಇವತ್ತು ಕೂಡ ಒಲೆ ಉರೀತದೆ." ಪಾಯ್ಸರು ಉಸಿರು ತೆಗೆದುಕೊಂಡರು. "ಅವರಿಗೆ ಇನ್ನೂ ಮುನ್ನೂರ ಹನ್ನೆರಡು ಹಂಚು ಬೇಕು. ಎಲ್ಲಿಯೂ ಸಿಗುವುದಿಲ್ಲ. ನನ್ನ ಸುಳ್ಳು ನಂಬಿ ನನ್ನ ಅಕ್ಕ ಮಾಡು ಬಿಚ್ಚಿಸಿದ್ದಾಳೆ. ಅದೂ ಅದೇ ಕಾರ್ಖಾನೆದು, ಅಜ್ಜನಿಗೆ ಅಲ್ಲಿಂದಲೇ ಕೊಟ್ಟದ್ದು. ಅದನ್ನು ಒಡೆದು ತಾರಸಿಯ ಗಾರೆಗೆ ತುಂಬಿಸ್ತೇನೆ ಅಂತ ಕಂಟ್ರಾಕ್ಟರ್ ಹೇಳ್ತಿದ್ದಾನಂತೆ. ಇಷ್ಟೇ. ನಮಸ್ಕಾರ."

ಮಾರ್ಗರೆಟ್ ಎವ್ಲಿನ್‌ಳ ಕಡೆ ತಿರುಗಿದಳು. ಎವ್ಲಿನ್ ಮುಂದೆಯೇ ನೋಡುತ್ತಿದ್ದಳು, ಬೆನ್ನು ಕುರ್ಚಿಗೆ ತಾಗಿರಲಿಲ್ಲ. ಶಾಮಸುಂದರರು ಮೈಕಿನತ್ತ ಬಂದರು, ಮೈಕನ್ನು ಸ್ವಲ್ಪ ಎತ್ತರಿಸಿ ಸರಿಮಾಡಿದರು, ಹಿಂದಕ್ಕೆ ಹೋದರು.

ಆಗ ಮೊದಲ ಸಾಲಿನಿಂದ ಜಮಾಲ್ ಸಾಹೇಬರು ಎದ್ದು ನಿಂತರು.

"ಪಾಯ್ಸ್, ನಿನಗೆ ತಲೆ ಉಂಟಾ ಇಲ್ಲವಾ? ಮೊಂಬಾಸಾದಲ್ಲಿ ಹಂಚು ಬೇಕು. ಮಂಗಳೂರಿನಲ್ಲಿ ಹಂಚು ಬೇಡ. ನಡುವೆ ನಾನು ಕೂತಿದ್ದೇನೆ."

ಪಾಯ್ಸರು ಅವರನ್ನೇ ನೋಡಿದರು.

"ಯಹ್ಯಾನಿಗೆ ಡಿಸೆಂಬರ್‌ನಲ್ಲಿ ಕಂಟೇನರ್ ಹೋಗ್ತದೆ, ಅರ್ಧ ಖಾಲಿ. ಅಕ್ಕನಿಗೆ ಈಗಲೇ ಫೋನ್ ಮಾಡು. ಒಂದು ಹಂಚು ಕೂಡ ಒಡೀಬಾರದು ಅಂತ ಹೇಳು. ತಾರಸಿಗೆ ಎಷ್ಟಾಗ್ತದೆ ಅಂತ ಆಮೇಲೆ ಮಾತಾಡುವ." ಇಷ್ಟು ಹೇಳಿ ಕೂತರು. ವ್ಯಾಪಾರ ಮುಗಿಯಿತೆಂದು ತಿಳಿದ ಮೇಲೆಯೇ ಜನ ಚಪ್ಪಾಳೆ ತಟ್ಟಿದ್ದು. ಆದರೆ ತಟ್ಟಿದ ಮೇಲೆ ನಿಲ್ಲಿಸಲು ಮರೆತರು. ಹಿಂದಿನ ಸಾಲಿನಿಂದ ಒಬ್ಬರು ಬಂದು ಹಂಚನ್ನು ಮುಟ್ಟಿದರು, ತಮ್ಮ ಅಜ್ಜಿ ಅದೇ ನೇತ್ರಾವತಿಯ ದಡದಲ್ಲಿ ತಲೆಯ ಮೇಲೆ ಆವೆಮಣ್ಣು ಹೊತ್ತವಳೆಂದರು. ಅವರ ಹಿಂದೆ ಇನ್ನೊಬ್ಬರು. ನೃತ್ಯ ಮಾಡಬೇಕಿದ್ದ ಮಕ್ಕಳು ಗೆಜ್ಜೆ ಕಟ್ಟಿಕೊಂಡು ಅರ್ಧ ಗಂಟೆ ಪರದೆಯ ಹಿಂದೆ ಕಾದರು.

ಜೋಸ್ಫಿನ್ ಅಕ್ಕ ಸುದ್ದಿ ಕೇಳಿ ಮೊದಲು ತಮ್ಮನಿಗೆ ಹತ್ತು ನಿಮಿಷ ಬೈದಳು, ಬಾಕಿಯಿದ್ದದ್ದೆಲ್ಲ ಸೇರಿಸಿ. ಆಮೇಲೆ ಕಂಟ್ರಾಕ್ಟರನನ್ನು ಅಂಗಳದಿಂದ ಓಡಿಸಿದಳು. ಹುಲ್ಲು ಹಾಸಿ ಹಂಚುಗಳನ್ನು ಪೆಟ್ಟಿಗೆಗೆ ತುಂಬಿಸುವಾಗ ತಾನೇ ನಿಂತು ಪ್ರತಿಯೊಂದನ್ನೂ ಬಡಿದು ನೋಡಿದಳಂತೆ. ತಾರಸಿಯ ಅರ್ಧ ಖರ್ಚಿಗೆ ಹಂಚಿನ ಬೆಲೆ ಒದಗಿತು, ಉಳಿದರ್ಧ ಪಾಯ್ಸರು ಹೊತ್ತರು.

ಪೆಟ್ಟಿಗೆಗಳು ದುಬೈಯ ಜೆಬೆಲ್ ಅಲಿ ಬಂದರಿಗೆ ಬಂದ ದಿನ ಮೊಂಬಾಸಾಕ್ಕೆ ಕಳಿಸುವ ಕಾಗದಪತ್ರವನ್ನು ಪಾಯ್ಸರೇ ಟೈಪು ಮಾಡಿದರು. ಸರಕು, ತೂಕ, ಪೆಟ್ಟಿಗೆಯ ಸಂಖ್ಯೆ, ಎಲ್ಲ ಸರಸರ ಬಂತು. ತಯಾರಕರ ಹೆಸರು ಎಂಬಲ್ಲಿ ಬೆರಳು ನಿಂತಿತು. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿತ್ತು. ಇಪ್ಪತ್ತೆರಡು ವರ್ಷ ಆ ಜಾಗದಲ್ಲಿ ಇಟಲಿಯ, ಜರ್ಮನಿಯ, ಯಾರ್‍ಯಾರದೋ ಹೆಸರು ತುಂಬಿದ್ದ ಪಾಯ್ಸರು ಒಂದೊಂದೇ ಅಕ್ಷರ ಒತ್ತಿದರು: ಸಾಲ್ವಾದೋರ್ ಪಾಯ್ಸ್, ಮಂಗಳೂರು. ಜಮಾಲ್ ಸಾಹೇಬರು ಅದನ್ನು ಓದಿ, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಸಹಿ ಹಾಕಿದರು.

ಬಂದರಿನ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಆ ಸಾಲಿನ ಮೇಲೆ ಬೆರಳಿಟ್ಟ. "ಈ ಕಂಪನಿ ಕೇಳಿದ ನೆನಪಿಲ್ಲವಲ್ಲ. ದೊಡ್ಡದೇ?"

"ಒಬ್ಬರೇ ಕೆಲಸಗಾರರು" ಎಂದರು ಪಾಯ್ಸರು.

"ಮಾಲಿನ ಬಗ್ಗೆ ದೂರು ಏನಾದರೂ ಉಂಟೋ?"

"ಅರವತ್ತೆರಡನೇ ಇಸವಿಯಲ್ಲಿ ಒಂದು ಬಂದಿತ್ತು. ಅದನ್ನು ಈಗ ಸರಿಮಾಡ್ತಾ ಇದ್ದೇವೆ."

ಗುಮಾಸ್ತ ತಲೆಯೆತ್ತಿ ನೋಡಿದ. ಹಿಂದೆ ಸಾಲು ಉದ್ದವಿತ್ತು. ಮುದ್ರೆಯನ್ನು ಮಸಿಗೆ ಅದ್ದಿ, ಸಾಲ್ವಾದೋರ್ ಪಾಯ್ಸ್ ಎಂಬ ಹೆಸರಿನ ಅಂಚಿಗೆ ಬಲವಾಗಿ ಒತ್ತಿ ಕಾಗದವನ್ನು ಹೊರಕ್ಕೆ ತಳ್ಳಿದ.

ಪಾಯ್ಸರು ಕಿಟಕಿ ಬಿಟ್ಟು ಕದಲಲಿಲ್ಲ.

"ಇನ್ನೇನು?"

"ಇನ್ನೊಂದು ಪ್ರತಿ ಕೊಡಿ" ಎಂದರು. "ಅಕ್ಕನಿಗೆ ಬೇಕು."